ಗೋಡೆಗೆ ಬೂಷ್ಟು ಬಂದ್ರೆ ಅನ್ನ ಬೇಯಿಸಿದವರ ತಪ್ಪಾ?

ಇಂಗ್ಲೆಂಡಿಗೆ ಹೊಸದಾಗಿ ಬರೋ ನಮ್ಮವರು ಬಾಡಿಗೆ ಮನೆ ನೋಡುವಾಗ ಸ್ಟೇಷನ್ ಎಷ್ಟು ದೂರ, ಸ್ಕೂಲ್ ಹೆಂಗಿದೆ ಎಲ್ಲಾ ಕೇಳ್ತಾರೆ, ಡ್ಯಾಂಪ್, ಅಂದ್ರೆ ಗೋಡೇಲಿ ತೇವ, ಇದ್ಯಾ ಅಂತ ಮಾತ್ರ ಕೇಳಲ್ಲ. ಮೊದಲು ಅದನ್ನೇ ಕೇಳಿ. ಬೀರು ಹಿಂದೆ ಬಗ್ಗಿ ನೋಡಿ, ಒಂದೇ ಮೂಲೆಗೆ ಹೊಸ ಪೇಂಟ್ ಬಳಿದಿದ್ರೆ ಅನುಮಾನ ಪಡಿ.

ನಾವಿದ್ದ ಒಂದು ಮನೇಲಿ ಚಳಿಗಾಲದಲ್ಲಿ ಬೆಳಿಗ್ಗೆ ಎದ್ರೆ ಕಿಟಕಿ ಗಾಜಿಂದ ನೀರು ಇಳೀತಿತ್ತು, ಮಗಳ ಮಂಚದ ಹಿಂದಿನ ಗೋಡೆ ತುಂಬಾ ಕಪ್ಪು ಚುಕ್ಕೆ, ಏಜೆಂಟಿಗೆ ಹೇಳಿದ್ರೆ ನೀವು ಜಾಸ್ತಿ ಅಡುಗೆ ಮಾಡ್ತೀರ, ಒಳಗೇ ಬಟ್ಟೆ ಒಣಗಿಸ್ತೀರ, ಅದಕ್ಕೇ ಹಿಂಗೆ ಅಂದ್ರು. ಹಬೆ ಬರೋದು ನಿಜ, ಬಿಸಿ ಗಾಳೀಲಿರೋ ತೇವ ತಣ್ಣನೆ ಗೋಡೆಗೆ ತಾಗಿದ್ರೆ ನೀರಾಗುತ್ತೆ. ಆದ್ರೆ ಗೋಡೆ ಅಷ್ಟು ತಣ್ಣಗಿರೋದು ಯಾಕೆ? ಅಡುಗೆಮನೆ ಫ್ಯಾನು ಹಬೇನ ಹೊರಗೆ ಹಾಕದೆ ಅಲ್ಲೇ ಸುತ್ತಿಸಿ ಬಿಡೋದು ಯಾಕೆ? ಅದೂ ಬಾಡಿಗೆಯವರ ತಪ್ಪಾ?

ನಮ್ಮ ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಬಿಸಿಲಿನ ಮುಖ ನೋಡೋದೇ ಅಪರೂಪ, ಚಪ್ಪಲಿ ಬೆಲ್ಟಿಗೆಲ್ಲಾ ಬೂಷ್ಟು. ಆದ್ರೂ ಹಳೇ ಹಂಚಿನ ಮನೇಲಿ ಸಂದಿ ಸಂದಿಂದ ಗಾಳಿ ಆಡುತ್ತೆ, ಬಚ್ಚಲ ಒಲೆ ಆರೋದೇ ಇಲ್ಲ, ಅದರ ಮೇಲೆ ಗಳ ಕಟ್ಟಿ ಬಟ್ಟೆ ಹರವಿದ್ರೆ ಹೊಗೆ ವಾಸನೆ ಬಂದ್ರೂ ಒಣಗುತ್ತೆ. ಆ ಹೊಗೆ ಕಣ್ಣಿಗೆ ಒಳ್ಳೇದಲ್ಲ, ಅದನ್ನ ಹೊಗಳ್ತಿಲ್ಲ, ಆದ್ರೆ ಕಟ್ಟಿದವರು ಮಳೆ ಹೆಂಗೆ ಅಂತ ಗೊತ್ತಿದ್ದು ಕಟ್ಟಿದ್ರು.

ಇಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಲ್ಲಿ ಅವಾಬ್ ಇಶಾಕ್ ಅನ್ನೋ 2 ವರ್ಷದ ಮಗು 2020ರ ಡಿಸೆಂಬರಲ್ಲಿ ತೀರ್ಕೊಳ್ತು. ಫ್ಲಾಟಿನ ಬೂಷ್ಟಿಂದಲೇ ಉಸಿರಾಟ ಕೆಟ್ಟಿದ್ದು ಅಂತ 2022ರಲ್ಲಿ ವಿಚಾರಣೆ ಮಾಡಿದ ಕೊರೋನರ್ (ಸಾವಿಗೆ ಕಾರಣ ಏನು ಅಂತ ವಿಚಾರಿಸೋ ಅಧಿಕಾರಿ) ಹೇಳಿದ್ರು. ಅಪ್ಪ ಮೊದಲೇ ದೂರು ಕೊಟ್ಟಾಗ ಫ್ಲಾಟ್ ಬಾಡಿಗೆಗೆ ಕೊಟ್ಟಿದ್ದ ಹೌಸಿಂಗ್ ಸಂಸ್ಥೆಯವರು ಮೇಲೆ ಪೇಂಟ್ ಹೊಡೀರಿ ಅಂದಿದ್ರಂತೆ, ಈ ಕುಟುಂಬದ ಜೀವನಶೈಲಿನೇ ಕಾರಣ ಅಂತ ಅಂದ್ಕೊಂಡಿದ್ರು. ಓದಿದಾಗ ಹೊಟ್ಟೆ ಉರೀತು.

ಆ ಮಗು ಹೆಸರಲ್ಲೇ ಬಂದ ಕಾನೂನು 2025ರ ಅಕ್ಟೋಬರ್ 27ರಿಂದ ಸೋಷಿಯಲ್ ಹೌಸಿಂಗ್‌ಗೆ, ಅಂದ್ರೆ ಕೌನ್ಸಿಲ್ (ಸ್ಥಳೀಯ ಆಡಳಿತ) ಅಥವಾ ಹೌಸಿಂಗ್ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡೋ ಮನೆಗಳಿಗೆ, ಜಾರಿಯಾಯ್ತು, ತುರ್ತು ಅಪಾಯ ಇದ್ರೆ ಮನೆ ಕೊಟ್ಟವರು 24 ಗಂಟೆ ಒಳಗೆ ಸರಿಮಾಡ್ಬೇಕು. ನಮ್ಮವರು ಜಾಸ್ತಿ ಇರೋ ಪ್ರೈವೇಟ್ ಬಾಡಿಗೆ ಮನೆಗಳಿಗೂ ಇದು ಬೇಗ ಬರ್ಬೇಕು. ಅಲ್ಲೀವರೆಗೂ ಫೋನಲ್ಲಿ ಮಾತಾಡಿ ಸುಮ್ಮನಾಗ್ಬೇಡಿ, ಫೋಟೋ ತೆಗೆದು ಇಮೇಲ್ ಮಾಡಿ, ಉತ್ತರ ಬರದಿದ್ರೆ ಕೌನ್ಸಿಲ್‌ಗೆ ದೂರು ಕೊಡಿ, ಅಡುಗೆ ಮಾಡಿದ್ದಕ್ಕೆ ಸಾರಿ ಅಂತೂ ಕೇಳ್ಬೇಡಿ.