ಕಾಕಾ ಎಂಬ ಫಾರಿನ್ ಕೀ

ಇಳಕಲ್ ಸೀರೆಯ ಒಡಲ ಹಾಸಿಗೂ ಸೆರಗಿನ ಹಾಸಿಗೂ ನೇಕಾರರು ಎಳೆ ಎಳೆಗೆ ಕೊಂಡಿ ಹಾಕುತ್ತಾರೆ. ಒಂದು ತಪ್ಪಿದರೂ ಬೆರಳಿಗೆ ಗೊತ್ತಾಗುತ್ತದೆ. ಅದೇ ಊರಿನ ರೈತನ ಪಹಣಿಗೂ ಆಧಾರಿಗೂ ಕೊಂಡಿ ಹಾಕುವುದು ಕಂಪ್ಯೂಟರ್ ಕೆಲಸ. ಹಾಗಾಗಿ ಅದನ್ನು ಮಾಡಬೇಕಾದವನು ರೈತ.

ಪಹಣಿಯಲ್ಲಿ ‘ಬಸಪ್ಪ ತಂದೆ ಮಲ್ಲಪ್ಪ’. ಆಧಾರಿನಲ್ಲಿ ‘ಬಸಪ್ಪ ಎಂ’. ಪಾಸ್‌ಬುಕ್ಕಿನಲ್ಲಿ ‘ಬಸವರಾಜ’. ಮೂವರಿಗೂ ಒಂದೇ ಹೆಂಡತಿ, ಒಂದೇ ಜೋಡಿ ಎತ್ತು. ತಂತ್ರಾಂಶಕ್ಕೆ ಮಾತ್ರ ಮೂರು ಮನೆತನ.

“ಕಾಕಾ, ಹೆಸರು ಮ್ಯಾಚ್ ಆಗವಲ್ದು. ನಾಳೆ ಝೆರಾಕ್ಸ್ ತಗೊಂಡ್ ಬರ್ರಿ.”

“ನಿನ್ನೆ ಕೊಟ್ಟೇನಲ್ರಿ ಸಾಹೇಬ್ರ.”

“ಅದು ಆ ಕಂಪ್ಯೂಟರಿಗಿ. ಇದು ಈ ಕಂಪ್ಯೂಟರಿಗಿ.”

ಸಾಹೇಬರು ಹೇಳಿದ್ದರಲ್ಲಿ ಸುಳ್ಳಿಲ್ಲ. ಡೇಟಾಬೇಸಿನ ಒಂದು ಪಟ್ಟಿಯ ದಾಖಲೆಯನ್ನು ಇನ್ನೊಂದು ಪಟ್ಟಿಯ ದಾಖಲೆಗೆ ಕಟ್ಟಿಹಾಕುವ ಕೊಂಡಿಯೇ ಫಾರಿನ್ ಕೀ; ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡೂ ಡೇಟಾಬೇಸ್ ತಂತ್ರಾಂಶಗಳು. ಪೋಸ್ಟ್‌ಗ್ರೆಸ್‌ನ ಫಾರಿನ್ ಕೀ ತನ್ನ ಡೇಟಾಬೇಸಿನ ಬೇಲಿ ದಾಟುವುದಿಲ್ಲ. ಮೈಎಸ್‌ಕ್ಯೂಎಲ್ ಒಂದೇ ಸರ್ವರಿನೊಳಗೆ ದಾಟಲು ಬಿಡುತ್ತದೆ, ಸರ್ವರ್ ಬೇರೆಯಾದರೆ ಅದೂ ಕೈಚೆಲ್ಲುತ್ತದೆ. ಎರಡು ಇಲಾಖೆಗಳ ನಡುವೆ ದಾಟಬಲ್ಲ ಕೀಲಿ ಒಂದೇ: ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ ಇರುಕಿಕೊಂಡ ಕಾಕಾ.

ಊರ ಹೆಸರಿನಿಂದ ಜೋಡಿಸೋಣ ಎನ್ನುವ ಜಾಣರೂ ಇದ್ದಾರೆ. ‘ಇಳಕಲ್’ ಎಂದು ಎರಡೂ ಕಡೆ ಇದ್ದು, ಒಂದರ ತುದಿಗೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯಿನರ್ ಎಂಬ ಚಿಹ್ನೆ ಕೂತಿದ್ದರೆ ಮುಗಿಯಿತು, ಅವು ಬೇರೆ ಬೇರೆ ಊರು. ಎನ್‌ಎಫ್‌ಸಿ (ಯುನಿಕೋಡ್ ಅಕ್ಷರಗಳನ್ನು ಒಂದೇ ರೂಪಕ್ಕೆ ತರುವ ವಿಧಾನ) ಮಾಡಿದರೂ ಅದು ಅಲುಗದು. ಹೋಲಿಸುವ ಮುಂಚೆ ಬೇರೆಯಾಗಿ ಕಿತ್ತು ಹಾಕಬೇಕು. ಇನ್ನು ತಾಲ್ಲೂಕು ಕೋಡನ್ನೇ ಐಡಿಯೊಳಗೆ ಹೊಲಿದವರ ಕಥೆ: ಇಳಕಲ್ ಹುನಗುಂದದಿಂದ ಬೇರೆಯಾಗಿ ತಾಲ್ಲೂಕಾಯಿತು, ಹಳೇ ಐಡಿಗಳು ಹುನಗುಂದದಲ್ಲೇ ಉಳಿದವು. ಸರ್ವೆ ನಂಬರ್ 4/2 ಅನ್ನು ಎಕ್ಸೆಲ್ ಹಾಳೆಯಲ್ಲಿ ಹೊಡೆದರಂತೂ ಹೊಲ ಹೋಗಿ ಫೆಬ್ರವರಿ 4 ಆಗುತ್ತದೆ. ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಟ್ಟಿದ್ದರೆ ಸಾಕಿತ್ತು.

ಮದ್ದು ದೊಡ್ಡದೇನಲ್ಲ. ಅರ್ಥವೇ ಇಲ್ಲದ ಒಂದು ಅಂಕಿಯನ್ನು ಐಡಿ ಮಾಡಿ. ಈ ಕಡೆಯ ಐಡಿ, ಆ ಕಡೆಯ ಐಡಿ, ಯಾರು ಯಾವಾಗ ತಾಳೆ ನೋಡಿದರು ಎಂಬುದಕ್ಕೆ ಒಂದು ಮ್ಯಾಪಿಂಗ್ ಟೇಬಲ್ ಇಡಿ. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದ ಅನಾಥ ದಾಖಲೆಗಳನ್ನು ದಿನಾ ರಾತ್ರಿ ಹುಡುಕಿ. ಇದಕ್ಕೆ ಟೆಂಡರ್ ಕರೆಯುವಷ್ಟು ಖರ್ಚಿಲ್ಲ. ಬಹುಶಃ ಅಡಚಣೆ ಅದೇ.

ಸದ್ಯ ನಡೆಯುವುದು ಹೀಗೆ. ಮೊದಲ ಡೇಟಾಬೇಸಿನಲ್ಲಿ ದಾಖಲೆ ಬರೆದಾಗುತ್ತದೆ, ಎರಡನೆಯದು ಟೈಮ್‌ಔಟ್. ಆಪರೇಟರ್ ಮತ್ತೆ ಬಟನ್ ಒತ್ತುತ್ತಾನೆ. ಒಂದು ಅರ್ಜಿಗೆ ಒಂದೇ ಗುರುತಿನ ಸಂಖ್ಯೆ ಕೊಟ್ಟು ಎರಡನೇ ಸಲ ಬಂದದ್ದನ್ನು ತಡೆಯುವ ವ್ಯವಸ್ಥೆ ಇಲ್ಲ. ಕಾಕಾನ ಮೊಬೈಲಿಗೆ ‘ಲಿಂಕ್ ಯಶಸ್ವಿ’ ಎಂದು ಎರಡು ಸಲ ಸಂದೇಶ ಬರುತ್ತದೆ.

“ಕಾಕಾ, ನಿಮ್ಮ ಹೆಸರಿಲೆ ಇಬ್ರು ತೋರಸಾಕತ್ತೈತಿ. ನಾಳೆ ಆ ಇನ್ನೊಬ್ರನ್ನೂ ಕರ್ಕೊಂಡ್ ಬರ್ರಿ.”