ಹತ್ತು ಗಜದ ಆಸೆಯೂ ಇಲ್ಲದವನು

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಓಡುವ ಆಟಗಾರ ಬ್ಯಾರಿ ಸ್ಯಾಂಡರ್ಸ್, ದಾಖಲೆ ಕೈಗೆ ಸಿಗುವ ಹೊತ್ತಿಗೆ ಆಟವನ್ನೇ ಬಿಟ್ಟು ಹೋಗಿ ಹೆದರಿ ಪಲಾಯನ ಮಾಡಿದ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನಂತೂ ಒಪ್ಪಲ್ಲ. 1989ರಿಂದ ಹತ್ತು ಸೀಸನ್, ಎಲ್ಲವೂ ಡೆಟ್ರಾಯ್ಟ್ ಲಯನ್ಸ್ ತಂಡಕ್ಕೇ, ಚೆಂಡು ಹಿಡಿದು ಓಡಿದ್ದು ಒಟ್ಟು 15,269 ಗಜ. ವೃತ್ತಿಜೀವನದಲ್ಲಿ ಅತಿ ಹೆಚ್ಚು ಗಜ ಓಡಿದ ದಾಖಲೆ ಆಗ ವಾಲ್ಟರ್ ಪೇಟನ್ ಹೆಸರಲ್ಲಿತ್ತು, ಅದಕ್ಕೆ ಬಾಕಿ ಇದ್ದದ್ದು 1,457 ಗಜ, 1997ರಲ್ಲಿ ಒಂದೇ ವರ್ಷಕ್ಕೆ 2,053 ಗಜ ಓಡಿದವನಿಗೆ ಅದೇನು ಮಹಾ ಅಲ್ವಾ? ಆದರೆ ಅಷ್ಟು ವರ್ಷದಲ್ಲಿ ತಂಡ ಗೆದ್ದ ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್) ಪಂದ್ಯ ಒಂದೇ ಒಂದು. ಬೇಸರ ಬರದೇ ಇರುತ್ತಾ?

ಅವನ ಮೊದಲ ವರ್ಷವನ್ನೇ ನೋಡಿ. ಕೊನೆಯ ಪಂದ್ಯ, ಇನ್ನು ಹತ್ತೇ ಗಜ ಓಡಿದ್ದರೆ ಆ ಸೀಸನ್‌ನಲ್ಲಿ ಅತಿ ಹೆಚ್ಚು ಗಜ ಓಡಿದವನಿಗೆ ಸಮ. ಕೋಚ್ ಕೇಳಿದರೂ, ಗೆಲುವು ಹೇಗೂ ಖಚಿತ ಅಂತ ಬೆಂಚಿನಿಂದ ಏಳಲೇ ಇಲ್ಲ. ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸಿದ ಮೇಲೂ ಕುಣಿತ ಗಿಣಿತ ಏನಿಲ್ಲ, ಚೆಂಡನ್ನು ರೆಫರಿ ಕೈಗಿಟ್ಟು ಸುಮ್ನೆ ವಾಪಸ್. ಇಂಥವನು ದಾಖಲೆಗೆ ಅಂತ ಇನ್ನೊಂದು ವರ್ಷ ಪೆಟ್ಟು ತಿನ್ನಬೇಕಿತ್ತಾ?

ಹಾಂ, 1999ರ ಜುಲೈನಲ್ಲಿ ತನ್ನೂರು ವಿಚಿಟಾದ ಪತ್ರಿಕೆಗೆ ಫ್ಯಾಕ್ಸ್ ಕಳಿಸಿ ವಿದಾಯ ಹೇಳಿದ್ದು ನನಗೂ ಸರಿ ಕಾಣಲಿಲ್ಲ. ಡೆಟ್ರಾಯ್ಟ್ ಅಭಿಮಾನಿಗಳ ಎದುರು ಬಂದು ಎರಡು ಮಾತಾಡಬಹುದಿತ್ತು.