ಸೋಪಿನ ಸಲಹೆಗೆ ನನ್ನ ತಕರಾರು
ಮುಂದೊಗಲನ್ನು (ಶಿಶ್ನದ ತುದಿ ಮುಚ್ಚುವ ಚರ್ಮವನ್ನು) ದಿನಾ ಸೋಪು ಹಚ್ಚಿ ಉಜ್ಜಿ ತೊಳೆಯಿರಿ ಎಂಬ ಲೇಖನದ ಮಾತು ಸರಿಯಲ್ಲ. ಒಳಗಿನ ತೆಳು ಚರ್ಮ ಸೋಪಿಗೇ ಕೆಂಪಾಗಿ ಉರಿಯಬಹುದು. ಅದನ್ನು ಸೋಂಕೆಂದುಕೊಂಡು ಇನ್ನಷ್ಟು ಉಜ್ಜುವವರಿದ್ದಾರೆ! ದಿನಕ್ಕೊಮ್ಮೆ ಬರೀ ಉಗುರುಬೆಚ್ಚಗಿನ ನೀರು ಸಾಕು. ನೋವಾಗದಷ್ಟೇ ಹಿಂದೆ ಸರಿಸಿ, ತೊಳೆದು, ತೇವ ಒರೆಸಿ, ಮರೆಯದೆ ಮುಂದಕ್ಕೆ ತನ್ನಿ. ಹಿಂದೆಯೇ ಬಿಟ್ಟರೆ ಅದು ಬಿಗಿದು, ತುದಿ ಊದಿ, ರಕ್ತಸಂಚಾರ ನಿಲ್ಲಬಹುದು. ಹಾಗಾದರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.

ತುರಿಕೆ, ಬಿಳಿ ಪದರ, ಬಿರುಕು ಪದೇಪದೇ ಕಾಣಿಸಿದರೆ ಕ್ಯಾಂಡಿಡಾ ಶಿಲೀಂಧ್ರವಿರಬಹುದು. ಸಾಮಾನ್ಯವಾಗಿ ಶೇ 1ರ ಕ್ಲೋಟ್ರಿಮಜೋಲ್ ಮುಲಾಮಿಗೆ ಬಗ್ಗುತ್ತದೆ, ಆದರೆ ಹಿಂದೆ ಮಧುಮೇಹವಿರಬಹುದು, ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ. ಡಪಾಗ್ಲಿಫ್ಲೋಜಿನ್‌ನಂಥ ಮಧುಮೇಹದ ಮಾತ್ರೆಗಳು ಮೂತ್ರದಲ್ಲಿ ಸಕ್ಕರೆ ಹರಿಸಿ ಇದಕ್ಕೆ ದಾರಿ ಮಾಡಬಲ್ಲವು. ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ.

ಚಿಕ್ಕ ಮಕ್ಕಳಲ್ಲಂತೂ ಬಲವಂತವಾಗಿ ಹಿಂದೆಳೆಯಲೇಬಾರದು. ಚರ್ಮ ಹರಿದು, ಕಲೆಗಟ್ಟಿ, ಇಲ್ಲದ ಬಿಗಿತ ಹುಟ್ಟಿಕೊಳ್ಳಬಹುದು.